ಅಣಬೆ ಮೋಡದ ಕೆಳಗಿನ ಮುಖಗಳು: ಅಣುಸಂತ್ರಸ್ತರ ಛಾಯಾಚಿತ್ರಗಳು ಸಾರುವ ಶಾಂತಿಯ ಸಂದೇಶ

ಮನುಕುಲವು ಎಂದಿಗೂ ಮರೆಯಬಾರದ ಎರಡು ದಿನಗಳು 1945ರ ಆಗಸ್ಟ್ 6 ಮತ್ತು ಆಗಸ್ಟ್ 9. ಮೊದಲನೆಯ ದಿನ ಜಪಾನಿನ ಹಿರೋಶಿಮಾ ನಗರದ ಮೇಲೆ, ಮೂರು ದಿನಗಳ ತರುವಾಯ ನಾಗಸಾಕಿಯ ಮೇಲೆ ಅಮೆರಿಕವು ಅಣುಬಾಂಬನ್ನು ಹಾಕಿತು. ಆ ವರ್ಷ ಮುಗಿಯುವುದರೊಳಗೆ ಹಿರೋಶಿಮಾದಲ್ಲಿ ಸುಮಾರು 1,40,000 ಮಂದಿ, ನಾಗಸಾಕಿಯಲ್ಲಿ ಸುಮಾರು 74,000 ಮಂದಿ ಅಸುನೀಗಿದರು. ನಮ್ಮ ದೇಶದ ಸಂಸತ್ತು ಕೂಡ ಆಗಸ್ಟ್ ತಿಂಗಳಲ್ಲಿ ಮೌನ ಆಚರಿಸಿ ಈ ಮೃತರನ್ನು ಸ್ಮರಿಸುತ್ತ ಬಂದಿದೆ.

ಅಂದು ಬದುಕಿ ಉಳಿದವರನ್ನು ಜಪಾನೀಯರು ‘ಹಿಬಾಕುಶಾ’ ಎಂದು ಕರೆಯುತ್ತಾರೆ. ಬಾಂಬಿಗೆ ಈಡಾದವರು ಎಂಬುದು ಅದರ ಅರ್ಥ. ಇವರ ಸಂಘಟನೆಯಾದ ನಿಹೊನ್ ಹಿದಾಂಕ್ಯೊಗೆ 2024ರ ನೊಬೆಲ್ ಶಾಂತಿ ಪುರಸ್ಕಾರ ಲಭಿಸಿತು. ಆದರೆ 2025ರ ಮಾರ್ಚ್ ಅಂತ್ಯದ ವೇಳೆಗೆ ಜಪಾನ್ ಸರಕಾರದ ಮಾನ್ಯತೆ ಪಡೆದ ಹಿಬಾಕುಶಾರ ಸಂಖ್ಯೆ 99,130ಕ್ಕೆ ಇಳಿದಿತ್ತು. ಅವರ ಸರಾಸರಿ ವಯಸ್ಸು 86 ವರ್ಷ ದಾಟಿತ್ತು. ಇನ್ನು ಕೆಲವೇ ವರ್ಷಗಳಲ್ಲಿ ಆ ದಿನವನ್ನು ಕಣ್ಣಾರೆ ಕಂಡು ಹೇಳುವವರು ಬೆರಳೆಣಿಕೆಯಷ್ಟು ಮಂದಿ ಉಳಿದಾರು. ಆಗ ಸಾಕ್ಷಿ ನುಡಿಯುವ ಭಾರ ಬಹುಮಟ್ಟಿಗೆ ಛಾಯಾಚಿತ್ರಗಳ ಮೇಲೆ ಬೀಳುತ್ತದೆ. ಆದುದರಿಂದ ಈ ಚಿತ್ರಗಳು ಹೇಗೆ ಹುಟ್ಟಿದವು, ಎಷ್ಟು ಕಾಲ ಮರೆಯಲ್ಲಿದ್ದವು, ಜಗತ್ತಿನಾದ್ಯಂತ ಅವು ಶಾಂತಿಯ ಕಾರ್ಯಕ್ಕೆ ಹೇಗೆ ಬಳಕೆಯಾದವು, ಬಳಸುವಾಗ ಯಾವ ಎಚ್ಚರ ಅಗತ್ಯ ಎಂಬುದನ್ನು ತಿಳಿದಿರುವುದು ಪ್ರಸ್ತುತವೆನಿಸುತ್ತದೆ.

ಮೇಲಿನಿಂದ ತೆಗೆದ ಚಿತ್ರ, ನೆಲದಿಂದ ತೆಗೆದ ಚಿತ್ರ

ಅಣುಬಾಂಬು ಎಂದೊಡನೆ ನಮ್ಮ ಕಣ್ಣೆದುರು ಬರುವುದು ಅಣಬೆಯಾಕಾರದ ದೈತ್ಯ ಮೋಡ. ಜಗತ್ತಿಗೆ ಮೊದಲು ತಲುಪಿದುದೂ ಇಂತಹ ಚಿತ್ರಗಳೇ. ಬಾಂಬು ಹಾಕಿದವರ ಕಡೆಯ ವಿಮಾನಗಳಿಂದ ತೆಗೆದ ಈ ಚಿತ್ರಗಳಲ್ಲಿ ಶಕ್ತಿಯ ಪ್ರದರ್ಶನವಿದೆ, ಒಂದು ಬಗೆಯ ಭೀಕರ ಸೊಬಗೂ ಇದೆ. ಆದರೆ ಒಬ್ಬನೇ ಒಬ್ಬ ಮನುಷ್ಯನಿಲ್ಲ. ಮೋಡದ ಕೆಳಗೆ ಏನಾಯಿತು ಎಂಬುದನ್ನು ತೋರಿಸುವ ಚಿತ್ರಗಳನ್ನು ಜನರು ವ್ಯಾಪಕವಾಗಿ ಕಾಣಲು ಏಳು ವರ್ಷ ಹಿಡಿಯಿತು.

ಹಿರೋಶಿಮಾದ ‘ಚೂಗೋಕು ಶಿಂಬುನ್’ ಪತ್ರಿಕೆಯ ಛಾಯಾಗ್ರಾಹಕ ಯೊಶಿತೊ ಮತ್ಸುಶಿಗೆ ಅವರಿಗೆ ಆಗ 32 ವರ್ಷ. ಸ್ಫೋಟದ ಮೂರು ಗಂಟೆಗಳ ಬಳಿಕ ಅವರು ಸ್ಫೋಟಕೇಂದ್ರದಿಂದ ಎರಡು ಕಿಲೋಮೀಟರಿಗಿಂತ ತುಸು ದೂರದಲ್ಲಿದ್ದ ಮಿಯುಕಿ ಸೇತುವೆಯ ಬಳಿ ಬಂದರು. ಅಲ್ಲಿ ಮೈಚರ್ಮ ಸುಲಿದು ಜೋಲುತ್ತಿದ್ದ ಶಾಲಾಮಕ್ಕಳು ಗುಂಪುಗುಂಪಾಗಿ ಕುಳಿತಿದ್ದರು. ಸುಟ್ಟ ಗಾಯಗಳಿಗೆ ಅಡುಗೆ ಎಣ್ಣೆ ಸವರುವುದಷ್ಟೇ ಸಾಧ್ಯವಿದ್ದ ಚಿಕಿತ್ಸೆಯಾಗಿತ್ತು. ಕ್ಯಾಮರಾ ಕೈಯಲ್ಲಿದ್ದರೂ ಬಹಳ ಹೊತ್ತು ಗುಂಡಿ ಒತ್ತಲು ಅವರಿಗೆ ಮನಸ್ಸು ಬರಲಿಲ್ಲ. ಕೊನೆಗೆ ಒಂದು ಚಿತ್ರ ತೆಗೆದರು. ಎರಡನೆಯದನ್ನು ತೆಗೆಯುವಾಗ ಕಣ್ಣೀರಿನಿಂದ ಎದುರಿನ ದೃಶ್ಯವೇ ಮಸುಕಾಗಿತ್ತೆಂದು ಅವರು ಮುಂದೆ ನೆನಪಿಸಿಕೊಂಡಿದ್ದಾರೆ. ಆ ಇಡೀ ದಿನ ಅವರಿಂದ ದಕ್ಕಿದುದು ಐದೇ ಚಿತ್ರಗಳು. ಆಗಸ್ಟ್ 6ರಂದೇ ಹಿರೋಶಿಮಾದ ನೆಲದಲ್ಲಿ ನಿಂತು ಜನರ ಪಾಡನ್ನು ಸೆರೆಹಿಡಿದ ಚಿತ್ರಗಳೆಂದು ನಮಗೆ ತಿಳಿದಿರುವುದು ಇವಷ್ಟೇ.

ನಾಗಸಾಕಿಯ ಕಥೆ ಬೇರೆ ರೀತಿಯದು. ಅಲ್ಲಿ ಯೊಸುಕೆ ಯಮಹಾತಾ ಎಂಬ ಸೇನಾ ಛಾಯಾಗ್ರಾಹಕರು ಆಗಸ್ಟ್ 10ರಂದು ಒಂದೇ ದಿನದಲ್ಲಿ ನೂರಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದರು. ಶತ್ರುವಿನ ಕ್ರೌರ್ಯವನ್ನು ಪ್ರಚಾರ ಮಾಡಲು ನೆರವಾಗುವ ಚಿತ್ರಗಳು ಬೇಕೆಂದು ಜಪಾನಿನ ಸೇನೆಯೇ ಅವರನ್ನು ಕಳುಹಿಸಿತ್ತು. ದ್ವೇಷವನ್ನು ಬೆಳೆಸಲೆಂದು ತೆಗೆಸಿದ ಚಿತ್ರಗಳು ಕಾಲಾನಂತರದಲ್ಲಿ ಶಾಂತಿಯ ದಾಖಲೆಗಳಾದುದು ಗಮನಾರ್ಹ. ಯಮಹಾತಾ 1966ರಲ್ಲಿ ತಮ್ಮ 48ನೆಯ ವಯಸ್ಸಿನಲ್ಲಿ ಕ್ಯಾನ್ಸರ್ ರೋಗದಿಂದ ತೀರಿಕೊಂಡರು.

ಯುದ್ಧ ಮುಗಿದ ಮೇಲೆ 1945ರ ಸೆಪ್ಟೆಂಬರಿನಲ್ಲಿ ಆಕ್ರಮಿತ ಜಪಾನಿನಲ್ಲಿ ಪತ್ರಿಕಾ ನಿರ್ಬಂಧ ಜಾರಿಗೆ ಬಂದಿತು. ಅಣುಬಾಂಬಿನ ಪರಿಣಾಮಗಳನ್ನು ತೋರಿಸುವ ಚಿತ್ರಗಳ ಪ್ರಕಟಣೆ ಬಹುತೇಕ ನಿಂತುಹೋಯಿತು. ವಿದೇಶಿ ಆಡಳಿತ ಕೊನೆಗೊಂಡ ಬಳಿಕ, 1952ರ ಆಗಸ್ಟ್ 6ರ ಸಂಚಿಕೆಯಲ್ಲಿ ‘ಅಸಾಹಿ ಗ್ರಾಫ್’ ಪತ್ರಿಕೆ ಈ ಚಿತ್ರಗಳನ್ನು ಪ್ರಕಟಿಸಿದಾಗ ಜಪಾನಿನ ಸಾಮಾನ್ಯ ಜನರಿಗೇ ಮೊದಲ ಬಾರಿಗೆ ಪೂರ್ಣ ಚಿತ್ರಣ ದೊರೆಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆಯೂ ಮತ್ಸುಶಿಗೆ, ಯಮಹಾತಾ ಮೊದಲಾದವರ ಚಿತ್ರಗಳನ್ನು ಅಚ್ಚು ಹಾಕಿತು.

ತನ್ನ ಚಿತ್ರವನ್ನು ತಾನೇ ಎತ್ತಿ ತೋರಿಸಿದವರು

ಛಾಯಾಚಿತ್ರ ಮತ್ತು ಶಾಂತಿಯ ನಂಟನ್ನು ಅರಿಯಲು ಸುಮಿತೆರು ತಾನಿಗುಚಿ ಅವರ ಬದುಕಿಗಿಂತ ಉತ್ತಮ ನಿದರ್ಶನ ಬೇರೆ ಸಿಗಲಾರದು. ನಾಗಸಾಕಿಯಲ್ಲಿ ಅಂಚೆ ಬಟವಾಡೆಯ ಕೆಲಸದಲ್ಲಿದ್ದ 16ರ ಹುಡುಗ ಅವರು. ಆ ದಿನ ಸೈಕಲ್ಲಿನ ಮೇಲೆ ಹೋಗುತ್ತಿದ್ದಾಗ ಬೆನ್ನು ಪೂರ್ತಿಯಾಗಿ ಸುಟ್ಟುಹೋಯಿತು. ಒಂದು ವರ್ಷ ಒಂಬತ್ತು ತಿಂಗಳ ಕಾಲ ಅವರು ಬೋರಲಾಗಿಯೇ ಮಲಗಿರಬೇಕಾಯಿತು. 1946ರ ಜನವರಿಯಲ್ಲಿ ಅಮೆರಿಕದ ಸಮೀಕ್ಷಾ ತಂಡವೊಂದು ಅವರ ಕೆಂಪು ಬೆನ್ನನ್ನು ವರ್ಣಚಿತ್ರದಲ್ಲಿ ಸೆರೆಹಿಡಿಯಿತು. ಆ ಸುರುಳಿಗಳು ದೀರ್ಘಕಾಲ ಅಮೆರಿಕದ ದಾಖಲೆ ಸಂಗ್ರಹದಲ್ಲಿಯೇ ಉಳಿದವು.

ಇವುಗಳನ್ನು ಹೊರತರುವಲ್ಲಿ ಜನಸಾಮಾನ್ಯರ ಪಾತ್ರ ದೊಡ್ಡದು. 1980ರಲ್ಲಿ ಜಪಾನಿನಲ್ಲಿ ‘ಹತ್ತು ಅಡಿ ಚಳವಳಿ’ ಎಂಬುದು ಆರಂಭವಾಯಿತು. ಒಬ್ಬೊಬ್ಬ ನಾಗರಿಕನೂ 3,000 ಯೆನ್ ನೀಡಿದರೆ ಹತ್ತು ಅಡಿ ಚಿತ್ರಸುರುಳಿಯನ್ನು ಅಮೆರಿಕದಿಂದ ಪ್ರತಿ ಮಾಡಿಸಿ ತರಬಹುದು ಎಂಬುದು ಇದರ ಲೆಕ್ಕಾಚಾರ. ಹನಿಗೂಡಿ ಹಳ್ಳವಾಯಿತು. ಹೀಗೆ ತಂದ ಸುರುಳಿಗಳಿಂದ ಸಾಕ್ಷ್ಯಚಿತ್ರಗಳು ರೂಪುಗೊಂಡು ಊರೂರುಗಳಲ್ಲಿ ಪ್ರದರ್ಶನ ಕಂಡವು. ಹತ್ತು ರೂಪಾಯಿ, ನೂರು ರೂಪಾಯಿ ರಸೀದಿ ಹರಿದು ಕಟ್ಟಡ ಕಟ್ಟಿದ, ಶಾಲೆ ನಡೆಸಿದ ಮುಂಬಯಿ ಪರಿಸರದ ಕನ್ನಡ ಸಂಘಗಳಿಗೆ ಈ ದಾರಿಯ ಬೆಲೆ ಏನೆಂಬುದನ್ನು ಹೇಳಬೇಕಾಗಿಲ್ಲ.

ತಾನಿಗುಚಿ ತಮ್ಮ ಚಿತ್ರದಿಂದ ಮುಖ ಮರೆಸಿಕೊಳ್ಳಲಿಲ್ಲ. 2010ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದ ಪರಿಶೀಲನಾ ಸಮ್ಮೇಳನ ನಡೆದಾಗ, 81 ವರ್ಷದ ಅವರು ಎದ್ದು ನಿಂತು ಹದಿಹರೆಯದ ತಮ್ಮದೇ ಚಿತ್ರವನ್ನು ಪ್ರತಿನಿಧಿಗಳ ಎದುರು ಎತ್ತಿ ಹಿಡಿದರು. ತಾನು ಪ್ರದರ್ಶನದ ವಸ್ತುವಲ್ಲವೆಂದೂ, ಆದರೂ ಯಾರೂ ಕಣ್ಣು ಹೊರಳಿಸದೆ ಮತ್ತೊಮ್ಮೆ ನೋಡಬೇಕೆಂದೂ ಅವರು ಕೇಳಿಕೊಂಡರು. 2017ರ ಆಗಸ್ಟ್ 30ರಂದು ಅವರು ನಿಧನರಾದರು. ಪರರು ತೆಗೆದ ಚಿತ್ರವನ್ನು ಅದರಲ್ಲಿರುವ ವ್ಯಕ್ತಿಯೇ ತನ್ನ ಮಾತಿನೊಂದಿಗೆ ಜಗತ್ತಿನ ಮುಂದಿಟ್ಟಾಗ ಅದು ಸಾಕ್ಷ್ಯವಾಗುತ್ತದೆ. ಗಾಯವನ್ನು ಮಾತ್ರ ತೋರಿಸಿ ಗಾಯಗೊಂಡವನನ್ನು ಮರೆಸಿದರೆ ಅದು ಕೇವಲ ಭಯದ ಚಿತ್ರವಾಗಿ ಉಳಿಯುತ್ತದೆ. ಈ ವ್ಯತ್ಯಾಸವನ್ನು ಮನಗಾಣುವುದು ಅತ್ಯಂತ ಮುಖ್ಯ.

ಜಗತ್ತಿನೆಲ್ಲೆಡೆ ಹಿಬಾಕುಶಾ

ಅಣುವಿನ ಸಂತ್ರಸ್ತರು ಎರಡು ನಗರಗಳಿಗೆ ಸೀಮಿತರಲ್ಲ. ಅಮೆರಿಕವು 1946ರಿಂದ 1958ರವರೆಗೆ ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳಲ್ಲಿ 67 ಅಣು ಪರೀಕ್ಷೆಗಳನ್ನು ನಡೆಸಿತು. ಸೋವಿಯೆತ್ ಒಕ್ಕೂಟವು ಇಂದಿನ ಕಜಕಸ್ತಾನದ ಸೆಮಿಪಲಾತಿನ್ಸ್ಕ್ ಬಯಲಿನಲ್ಲಿ 1949ರಿಂದ 1989ರವರೆಗೆ 456 ಪರೀಕ್ಷೆಗಳನ್ನು ಮಾಡಿತು. ಬ್ರಿಟನ್ ಆಸ್ಟ್ರೇಲಿಯಾದ ಮೂಲನಿವಾಸಿಗಳ ನೆಲದಲ್ಲಿ, ಫ್ರಾನ್ಸ್ ಅಲ್ಜೀರಿಯಾದ ಮರುಭೂಮಿಯಲ್ಲಿ ಮತ್ತು ಪಾಲಿನೇಷ್ಯಾದಲ್ಲಿ ಪರೀಕ್ಷೆ ನಡೆಸಿದವು. ಬಹುತೇಕ ಕಡೆಗಳಲ್ಲಿ ಬೂದಿ ಬಿದ್ದುದು ಆ ಬಾಂಬಿನಿಂದ ಯಾವ ಲಾಭವನ್ನೂ ಪಡೆಯದ ಜನರ ಮೇಲೆ.

ಇವರನ್ನು ಅರಸಿ ಹೊರಟ ಛಾಯಾಗ್ರಾಹಕರ ಒಂದು ಪರಂಪರೆಯೇ ಇದೆ. ಜಪಾನಿನ ಹಿರೊಮಿತ್ಸು ತೊಯೊಸಾಕಿ ಮಾರ್ಷಲ್ ದ್ವೀಪಗಳಿಂದ ಮೊದಲ್ಗೊಂಡು ಹಲವು ದೇಶಗಳ ಸಂತ್ರಸ್ತರನ್ನು ದಶಕಗಳ ಕಾಲ ಚಿತ್ರಿಸಿದರು. ತಕಾಶಿ ಮೊರಿಜುಮಿ ಸೆಮಿಪಲಾತಿನ್ಸ್ಕ್‌ನ ಹಳ್ಳಿಗಳಿಗೆ ಹೋದರು. ಕೆಂಜಿ ಹಿಗುಚಿ ಅಣುವಿದ್ಯುತ್ ಸ್ಥಾವರಗಳ ದಿನಗೂಲಿ ಕಾರ್ಮಿಕರನ್ನು ಹಿಂಬಾಲಿಸಿದರು. ತಕಾಶಿ ಇತೊ ಬಾಂಬಿಗೆ ಸಿಲುಕಿದ ಕೊರಿಯನ್ನರನ್ನು ಹುಡುಕಿದರು. ಇಂತಹ ಚಿತ್ರಗಳನ್ನು ಒಂದೆಡೆ ಸೇರಿಸಿ ಜಪಾನಿನಲ್ಲಿ ‘ವಿಶ್ವ ಹಿಬಾಕುಶಾ’ ಪ್ರದರ್ಶನಗಳನ್ನು ಏರ್ಪಡಿಸಲಾಯಿತು. ಅಮೆರಿಕದ ಕ್ಯಾರೊಲ್ ಗ್ಯಾಲಗರ್ ನೆವಾಡಾ ಪರೀಕ್ಷಾ ನೆಲೆಯ ಗಾಳಿ ಬೀಸುವ ದಿಕ್ಕಿನಲ್ಲಿದ್ದ ಊರುಗಳಲ್ಲಿ ವರ್ಷಗಟ್ಟಲೆ ನೆಲೆಸಿ, ಅಲ್ಲಿನ ಕುಟುಂಬಗಳ ಚಿತ್ರ ಮತ್ತು ಮಾತು ಎರಡನ್ನೂ ದಾಖಲಿಸಿ 1993ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಇಗೋರ್ ಕೋಸ್ತಿನ್ 1986ರ ಚೆರ್ನೋಬಿಲ್ ದುರಂತದ ಕಾರ್ಮಿಕರನ್ನೂ ಮಕ್ಕಳನ್ನೂ ಚಿತ್ರಿಸಿದರು. 1987ರಲ್ಲಿ ರಾಬರ್ಟ್ ಡೆಲ್ ಟ್ರೆಡಿಚಿ ಇಂತಹವರನ್ನು ಒಗ್ಗೂಡಿಸಲು ಅಣು ಛಾಯಾಗ್ರಾಹಕರ ಬಳಗವನ್ನು ಸ್ಥಾಪಿಸಿದರು.

ಈ ಕಾರ್ಯಕ್ಕೆ ಪ್ರಾಣ ತೆತ್ತವರೂ ಇದ್ದಾರೆ. 1954ರ ಮಾರ್ಚ್ 1ರ ಜಲಜನಕ ಬಾಂಬಿನ ಬೂದಿಗೆ ತುತ್ತಾದ ರೊಂಗೆಲಾಪ್ ದ್ವೀಪದ ನಿವಾಸಿಗಳು 1985ರ ಮೇ ತಿಂಗಳಲ್ಲಿ ‘ರೇನ್‌ಬೋ ವಾರಿಯರ್’ ಹಡಗಿನ ನೆರವಿನಿಂದ ತಮ್ಮ ನೆಲವನ್ನು ತೊರೆದು ಹೊರಟರು. ಮನೆಯ ಹಲಗೆ, ತಗಡುಗಳನ್ನೂ ಹೊತ್ತು ಹೊರಟ ಆ ಜನರ ಚಿತ್ರಗಳನ್ನು ತೆಗೆದವರು ಫರ್ನಾಂಡೊ ಪೆರೇರಾ. ಅದೇ ವರ್ಷ ಜುಲೈ 10ರಂದು ನ್ಯೂಜಿಲೆಂಡಿನ ಬಂದರಿನಲ್ಲಿ ಫ್ರೆಂಚ್ ಗುಪ್ತಚರರು ಆ ಹಡಗನ್ನು ಸ್ಫೋಟಿಸಿದಾಗ ಪೆರೇರಾ ಜೀವ ಕಳೆದುಕೊಂಡರು.

ನಮ್ಮ ಮನೆಯಂಗಳದ ಅಣು

ಡೊಂಬಿವಲಿ, ಕಲ್ಯಾಣ, ಠಾಣೆ, ನವಿಮುಂಬಯಿಯ ಕನ್ನಡಿಗರಿಗೆ ಅಣುಶಕ್ತಿ ದೂರದ ಸಂಗತಿಯಲ್ಲ. ಖಾಡಿಯ ಆಚೆ ದಡದಲ್ಲಿಯೇ ಟ್ರಾಂಬೆ ಇದೆ. 1956ರ ಆಗಸ್ಟ್ 4ರಂದು ‘ಅಪ್ಸರಾ’ ಸಂಶೋಧನಾ ರಿಯಾಕ್ಟರ್ ಕಾರ್ಯಾರಂಭ ಮಾಡಿದುದು ಅಲ್ಲಿಯೇ. 1974ರ ಮೇ 18ರ ಪೋಖರಣ್ ಪರೀಕ್ಷೆಯ ನೇತೃತ್ವ ವಹಿಸಿದ, ಆಗ ಭಾಭಾ ಅಣು ಸಂಶೋಧನಾ ಕೇಂದ್ರದ ನಿರ್ದೇಶಕರಾಗಿದ್ದ ಡಾ. ರಾಜಾ ರಾಮಣ್ಣ ನಮ್ಮ ತುಮಕೂರು ಜಿಲ್ಲೆಯವರು. ಆ ಕೇಂದ್ರದಲ್ಲಿ ದುಡಿದು ನಿವೃತ್ತರಾದ ಕನ್ನಡಿಗರು ಈ ಪರಿಸರದಲ್ಲಿ ಇದ್ದಾರೆ. ಅವರ ವಿದ್ವತ್ತು, ಶ್ರಮ, ದೇಶನಿಷ್ಠೆಗಳ ಬಗೆಗೆ ನಾವು ಪಡುವ ಅಭಿಮಾನ ಸಹಜವಾದುದೇ. ವಿಕಿರಣವು ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಕ್ಯಾನ್ಸರ್ ರೋಗಿಗಳ ಪ್ರಾಣ ಉಳಿಸುವ ಸಾಧನವೂ ಆಗಿದೆ ಎಂಬುದನ್ನು ಮರೆಯುವಂತಿಲ್ಲ.

ಅದೇ ಕನ್ನಡ ನೆಲದ ಮತ್ತೊಬ್ಬ ಹಿರಿಯರಾದ ಡಾ. ಶಿವರಾಮ ಕಾರಂತರು ಉತ್ತರ ಕನ್ನಡದ ಕೈಗಾ ಅಣುಸ್ಥಾವರವನ್ನು ವಿರೋಧಿಸಿ, 1989ರಲ್ಲಿ ತಮ್ಮ ಇಳಿವಯಸ್ಸಿನಲ್ಲಿ ಲೋಕಸಭಾ ಚುನಾವಣೆಗೂ ನಿಂತರು. ಸೋತರೂ ಪ್ರಶ್ನೆ ಕೇಳುವುದನ್ನು ಬಿಡಲಿಲ್ಲ. ರಾಮಣ್ಣ ಮತ್ತು ಕಾರಂತ ಇಬ್ಬರನ್ನೂ ನಮ್ಮವರೆಂದು ಗೌರವಿಸುವ ಸಮಾಜಕ್ಕೆ ಅಣುಸಂತ್ರಸ್ತರ ಚಿತ್ರಗಳನ್ನು ನೋಡುವ ಧೈರ್ಯವೂ ಇರಬೇಕು. ನೋಡುವುದು ಯಾರ ಮೇಲಿನ ಆರೋಪವೂ ಆಗುವುದಿಲ್ಲ. ಅಣ್ವಸ್ತ್ರವನ್ನು ರಕ್ಷಣೆಯ ದೃಷ್ಟಿಯಿಂದ ಸಮರ್ಥಿಸುವವರೂ ಅದು ಮನುಷ್ಯ ದೇಹಕ್ಕೆ ಏನು ಮಾಡುತ್ತದೆಂಬುದನ್ನು ತಿಳಿದೇ ಸಮರ್ಥಿಸಬೇಕಷ್ಟೆ.

ನಮ್ಮ ದೇಶದಲ್ಲಿಯೇ ಈ ಬಗೆಯ ಚಿತ್ರಗಳು ಹುಟ್ಟಿವೆ. ಜಾರ್ಖಂಡದ ಜಾದೂಗೋಡಾದಲ್ಲಿ ಯುರೇನಿಯಂ ನಿಗಮದ ಗಣಿಗಳಿವೆ. ಗಣಿಯ ತ್ಯಾಜ್ಯದ ಹೊಂಡಗಳ ಸುತ್ತಲಿನ ಆದಿವಾಸಿ ಹಳ್ಳಿಗಳಲ್ಲಿ ಕಂಡುಬಂದ ಅಂಗವೈಕಲ್ಯ, ಕಾಯಿಲೆಗಳಿಗೆ ವಿಕಿರಣವೇ ಕಾರಣವೆಂದು ಅಲ್ಲಿನ ಸಂಘಟನೆಗಳು ಹೇಳುತ್ತ ಬಂದಿವೆ. ನಿಗಮವು ಇದನ್ನು ಒಪ್ಪಿಲ್ಲ. ಶ್ರೀಪ್ರಕಾಶ್ 1999ರಲ್ಲಿ ಈ ಕುರಿತು ಸಾಕ್ಷ್ಯಚಿತ್ರವೊಂದನ್ನು ನಿರ್ಮಿಸಿದರು. ಮುಂದೆ ಆ ಊರಿನಲ್ಲಿಯೇ ಬೆಳೆದ ಹೋ ಸಮುದಾಯದ ಆಶಿಶ್ ಬಿರುಲಿ ಕ್ಯಾಮರಾ ಹಿಡಿದು ತಮ್ಮವರ ಬದುಕನ್ನು ದಾಖಲಿಸತೊಡಗಿದರು. ಹೊರಗಿನಿಂದ ಬಂದವರಿಗೆ ಕಾಣದ ಮನೆಯೊಳಗಿನ ದಿನಚರಿ ನೆರೆಯವನ ಕಣ್ಣಿಗೆ ಕಾಣುತ್ತದೆ ಎಂಬುದು ಇಂತಹ ಕೆಲಸದ ಹಿರಿಮೆ. ಮುಂಬಯಿಯ ಆನಂದ ಪಟವರ್ಧನ್ 2002ರಲ್ಲಿ ನಿರ್ಮಿಸಿದ ‘ಜಂಗ್ ಔರ್ ಅಮನ್’ ಚಿತ್ರವು ಪೋಖರಣ್, ಜಾದೂಗೋಡಾ ಮತ್ತು ಹಿರೋಶಿಮಾಗಳನ್ನು ಒಂದೇ ನೇಯ್ಗೆಯಲ್ಲಿ ತೋರಿಸಿತು. ಸೆನ್ಸಾರ್ ಮಂಡಳಿ ಕತ್ತರಿ ಪ್ರಯೋಗ ಬಯಸಿದಾಗ, 2003ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಅದನ್ನು ಕಡಿತವಿಲ್ಲದೆ ಪ್ರದರ್ಶಿಸಲು ಅನುವು ಮಾಡಿಕೊಟ್ಟಿತು.

ಕಾಸರಗೋಡು ಕಲಿಸಿದ ಪಾಠ

ಚಿತ್ರಗಳಿಂದ ನಿಜವಾಗಿ ಏನಾದರೂ ಬದಲಾಗುತ್ತದೆಯೇ ಎಂಬ ಸಂದೇಹ ಸಹಜ. ಇದಕ್ಕೆ ಉತ್ತರವು ಅಣುವಿಗೆ ಸಂಬಂಧಪಡದ, ಆದರೆ ನಮಗೆ ತೀರ ಹತ್ತಿರವಾದ ಕಾಸರಗೋಡಿನಲ್ಲಿದೆ. ಅಲ್ಲಿನ ಸರಕಾರಿ ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಕನ್ನಡ, ತುಳು ಮಾತನಾಡುವ ಎಣ್ಮಕಜೆ, ಪಡ್ರೆ ಪರಿಸರದ ಮಕ್ಕಳಲ್ಲಿ ಕಂಡ ವೈಕಲ್ಯಗಳನ್ನು ಡಾ. ವೈ.ಎಸ್. ಮೋಹನಕುಮಾರ್ ಗುರುತಿಸಿದರು. ಪತ್ರಕರ್ತ ಶ್ರೀಪಡ್ರೆಯವರು ಬರೆದರು. ಮಲಯಾಳದ ಛಾಯಾಗ್ರಾಹಕ ಮಧುರಾಜ್ ತೆಗೆದ ಚಿತ್ರಗಳು ದೇಶದ ಗಮನವನ್ನು ಅತ್ತ ತಿರುಗಿಸಿದವು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ನಿಷೇಧಿಸಲು ತೀರ್ಮಾನಿಸಿದವು. ಅದೇ ವರ್ಷ ಮೇ 13ರಂದು ನಮ್ಮ ಸರ್ವೋಚ್ಚ ನ್ಯಾಯಾಲಯ ಮಧ್ಯಂತರ ನಿಷೇಧ ವಿಧಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ನೀಡಲು ಆದೇಶಿಸಿತು. ವೈದ್ಯರ ದಾಖಲೆ, ಬರೆಹ, ಹೋರಾಟ, ಚಿತ್ರ ಇವು ನಾಲ್ಕೂ ಜೊತೆಗೂಡಿದುದರ ಫಲ ಇದು. ಚಿತ್ರವೊಂದೇ ಇದನ್ನು ಸಾಧಿಸುತ್ತಿರಲಿಲ್ಲ. ಚಿತ್ರವಿಲ್ಲದೆ ಇಷ್ಟು ಬೇಗ ಇದು ಸಾಧ್ಯವಾಗುತ್ತಲೂ ಇರಲಿಲ್ಲ.

ಅಲ್ಲಿಂದಲೇ ಇನ್ನೊಂದು ಪಾಠವೂ ಬಂದಿದೆ. ಅವೇ ಮಕ್ಕಳ ಮುಂದೆ ಮತ್ತೆ ಮತ್ತೆ ಕ್ಯಾಮರಾಗಳು ಬಂದು ನಿಂತವು. ಚಿತ್ರ ತೆಗೆದು ಹೋದವರು ಮರಳಿ ತಿರುಗಿ ನೋಡಲಿಲ್ಲ ಎಂಬ ನೋವಿನ ಮಾತು ಅಲ್ಲಿ ಕೇಳಿಬಂದಿದೆ. ನೋಡುವವರ ಮನ ಕಲಕುವ ಆತುರದಲ್ಲಿ ನೋವುಂಡವರ ಮರ್ಯಾದೆಗೆ ಕುಂದು ಬರಬಾರದು.

ತೋರಿಸುವ ಬಗೆ

ಹಾಗಾದರೆ ಇಂತಹ ಚಿತ್ರಗಳನ್ನು ಹೇಗೆ ತೋರಿಸಬೇಕು? ಹಿರೋಶಿಮಾದ ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯವು ಈ ಪ್ರಶ್ನೆಗೆ ತಾನೇ ಒಂದು ಉತ್ತರ ಕಂಡುಕೊಂಡಿದೆ. ಬಹುಕಾಲ ಅಲ್ಲಿ ಸುಟ್ಟ ಮೈಯ ಮನುಷ್ಯರ ಕೃತಕ ಬೊಂಬೆಗಳಿದ್ದವು. 2017ರಲ್ಲಿ ಅವನ್ನು ತೆಗೆಯಲಾಯಿತು. 2019ರಲ್ಲಿ ಪುನರಾರಂಭವಾದ ಮುಖ್ಯ ಭವನದಲ್ಲಿ ಮೃತರ ಬಟ್ಟೆಬರೆ, ಊಟದ ಡಬ್ಬಿ, ಮೂರು ವರ್ಷದ ಮಗುವಿನ ಸೈಕಲ್ ಮೊದಲಾದ ನಿಜವಾದ ವಸ್ತುಗಳು ಮತ್ತು ಅವರ ಹೆಸರು, ಬಾಳಿನ ವಿವರ, ಭಾವಚಿತ್ರಗಳು ಪ್ರಾಧಾನ್ಯ ಪಡೆದವು. ಮಿಯಾಕೊ ಇಶಿಯುಚಿ ಎಂಬ ಛಾಯಾಗ್ರಾಹಕಿ ಅಲ್ಲಿರುವ ಹೆಣ್ಣುಮಕ್ಕಳ ಉಡುಪುಗಳನ್ನು ಮುಖ್ಯವಾಗಿ ಚಿತ್ರಿಸಿದ್ದಾರೆ. ಹೂವಿನ ವಿನ್ಯಾಸದ, ಕೈಯಾರೆ ಹೊಲಿದ ಆ ಉಡುಪುಗಳಲ್ಲಿ ರಕ್ತಪಾತದ ದೃಶ್ಯವಿಲ್ಲ. ಆದರೂ ತೊಟ್ಟಿದ್ದವಳು ನಮ್ಮ ಮನೆಮಗಳಂತೆಯೇ ಇದ್ದಳೆಂಬ ಅರಿವು ಮೂಡುತ್ತದೆ.

ಇದರಿಂದ ಕೆಲವು ಸೂತ್ರಗಳನ್ನು ಗ್ರಹಿಸಬಹುದು. ಚಿತ್ರದಲ್ಲಿರುವವರ ಅಥವಾ ಅವರ ಮನೆಯವರ ಒಪ್ಪಿಗೆ ಇರಬೇಕು. ಗಾಯದ ಜೊತೆಗೆ ಆ ವ್ಯಕ್ತಿಯ ಹೆಸರು, ಉದ್ಯೋಗ, ಮುಂದೆ ಬಾಳಿದ ಬಾಳು ಕಾಣುವಂತಿರಬೇಕು. ಚಿಕ್ಕ ಮಕ್ಕಳಿಗೆ ವಸ್ತುಗಳ, ಭಾವಚಿತ್ರಗಳ ಮೂಲಕ ಪರಿಚಯಿಸಿ, ಉಳಿದುದನ್ನು ವಯಸ್ಸಿಗೆ ತಕ್ಕಂತೆ ತಿಳಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ ಚಿತ್ರದ ಅಡಿಬರೆಹ ಸತ್ಯವಾಗಿರಬೇಕು. ಹಿರೋಶಿಮಾದ ಅಣಬೆ ಮೋಡವೆಂದು ಬಹುಕಾಲ ಪ್ರಕಟವಾದ ಚಿತ್ರವೊಂದು, ಗಂಟೆಗಳ ಬಳಿಕ ನಗರ ಉರಿಯುತ್ತಿದ್ದಾಗ ಎದ್ದ ಹೊಗೆಯದೆಂದು ಈಗ ತಿಳಿದಿದೆ. ಸತ್ತ ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ಚಿತೆಯ ಬಳಿ ನೆಟ್ಟಗೆ ನಿಂತ ಹುಡುಗನ ಚಿತ್ರವನ್ನು ಅಮೆರಿಕದ ಜೋ ಒ’ಡಾನೆಲ್ ತೆಗೆದರು. 2017ರ ಕೊನೆಯಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ಮುದ್ರಿಸಿ ಹಂಚಿಸಿದರು. ಆ ಹುಡುಗ ಯಾರೆಂಬುದು ಇಂದಿಗೂ ಖಚಿತವಾಗಿಲ್ಲ. ಖಚಿತವಿಲ್ಲದುದನ್ನು ಖಚಿತವಿಲ್ಲವೆಂದೇ ಬರೆಯುವುದು ಉಚಿತ. ಯಂತ್ರದಿಂದಲೇ ಹುಸಿ ಚಿತ್ರಗಳನ್ನು ಸೃಷ್ಟಿಸಬಹುದಾದ ಈ ಕಾಲದಲ್ಲಿ ಒಂದು ಸುಳ್ಳು ಅಡಿಬರೆಹ ನೂರು ನಿಜವಾದ ಚಿತ್ರಗಳ ಮೇಲೆ ಸಂಶಯ ತರಬಲ್ಲುದು.

ಫಲವೇನು?

ಜಗತ್ತಿನಲ್ಲಿ ಇಂದಿಗೂ ಸುಮಾರು 12,000 ಅಣು ಸಿಡಿತಲೆಗಳಿವೆ. ಆ ದೃಷ್ಟಿಯಿಂದ ನೋಡಿದರೆ ಚಿತ್ರಗಳು ಸೋತಿವೆ ಎನ್ನಬಹುದು. ಆದರೆ ನಾಗಸಾಕಿಯ ನಂತರ ಯಾವ ಯುದ್ಧದಲ್ಲಿಯೂ ಅಣುಬಾಂಬಿನ ಪ್ರಯೋಗವಾಗಿಲ್ಲ. ಅದನ್ನು ಬಳಸುವುದು ಮಾನವತೆಗೆ ಹೊರತಾದ ಕೃತ್ಯವೆಂಬ ಭಾವನೆ ಜಗತ್ತಿನಲ್ಲಿ ಬೇರೂರಲು ಹಿಬಾಕುಶಾರ ಸಾಕ್ಷ್ಯ ಬಹುಮಟ್ಟಿಗೆ ಕಾರಣವೆಂದು ನೊಬೆಲ್ ಸಮಿತಿಯೂ ಗುರುತಿಸಿದೆ. 2017ರ ಜುಲೈ 7ರಂದು 122 ರಾಷ್ಟ್ರಗಳ ಬೆಂಬಲದಿಂದ ಅಂಗೀಕೃತವಾಗಿ 2021ರ ಜನವರಿ 22ರಂದು ಜಾರಿಗೆ ಬಂದ ಅಣ್ವಸ್ತ್ರ ನಿಷೇಧ ಒಪ್ಪಂದದ ಪ್ರಸ್ತಾವನೆಯಲ್ಲಿ ‘ಹಿಬಾಕುಶಾ’ ಎಂಬ ಪದವೇ ಸ್ಥಾನ ಪಡೆದಿದೆ. ಪರೀಕ್ಷೆಗಳ ಸಂತ್ರಸ್ತರಿಗೆ ನೆರವು ನೀಡುವ ಹೊಣೆಯನ್ನೂ ಅದು ವಿಧಿಸುತ್ತದೆ. ಅಣ್ವಸ್ತ್ರವುಳ್ಳ ಯಾವ ರಾಷ್ಟ್ರವೂ, ಭಾರತವೂ ಸೇರಿದಂತೆ, ಇದಕ್ಕೆ ಸಹಿ ಹಾಕಿಲ್ಲ. ಮಾಡಬೇಕಾದ ಕೆಲಸ ಇನ್ನೂ ಎಷ್ಟಿದೆ ಎಂಬುದನ್ನು ಇದು ತೋರಿಸುತ್ತದೆ.

2016ರಲ್ಲಿ ಮತ್ತು 2024ರಲ್ಲಿ ಡೊಂಬಿವಲಿಯ ಎಂ.ಐ.ಡಿ.ಸಿ. ಪ್ರದೇಶದ ಕಾರ್ಖಾನೆಗಳಲ್ಲಿ ಸಂಭವಿಸಿದ ಸ್ಫೋಟಗಳನ್ನು ಕಂಡ ನಮ್ಮ ಕುಟುಂಬಗಳಿಗೆ, ಒಂದು ಕಾರ್ಖಾನೆಯ ಸ್ಫೋಟವೇ ಸುತ್ತಲಿನ ಮನೆಗಳಿಗೆ ಎಂತಹ ಹಾನಿ ತರಬಲ್ಲುದೆಂಬುದು ತಿಳಿದಿದೆ. ಇಡೀ ನಗರವನ್ನೇ ಗುರಿಯಾಗಿಸಿ ಮಾಡಿದ ಸ್ಫೋಟವನ್ನು ಊಹಿಸಲು ಮಾತ್ರ ಮನಸ್ಸು ಹಿಂಜರಿಯುತ್ತದೆ. ಊಹೆ ಹಿಂಜರಿದಲ್ಲಿ ಚಿತ್ರ ನೆರವಿಗೆ ಬರುತ್ತದೆ.

ಹಿರೋಶಿಮಾ, ನಾಗಸಾಕಿಯ ಚಿತ್ರಗಳ ಭಿತ್ತಿಪತ್ರಗಳನ್ನು ಶಾಲೆ, ಸಂಘಟನೆಗಳ ಪ್ರದರ್ಶನಕ್ಕಾಗಿ ಒದಗಿಸುವ ವ್ಯವಸ್ಥೆ ಹಿರೋಶಿಮಾ ನಗರದಲ್ಲಿದೆ. ನಾಡಹಬ್ಬ, ರಾಜ್ಯೋತ್ಸವ, ವಾರ್ಷಿಕೋತ್ಸವಗಳಿಗೆ ನಮ್ಮ ಸಂಘಗಳ ಸಭಾಗೃಹಗಳು ತುಂಬುತ್ತವೆ. ಆಗಸ್ಟ್ ತಿಂಗಳ ಒಂದು ಭಾನುವಾರ ಅದೇ ಗೋಡೆಗಳ ಮೇಲೆ ಇಪ್ಪತ್ತು ಚಿತ್ರಗಳನ್ನು ಕನ್ನಡದ ಅಡಿಬರೆಹದೊಂದಿಗೆ ತೂಗುಹಾಕುವುದು ಕಷ್ಟದ ಕೆಲಸವಲ್ಲ. ಅಡಿಬರೆಹಗಳನ್ನು ನಮ್ಮ ಮಕ್ಕಳೇ ಬರೆಯಲಿ. ಟ್ರಾಂಬೆಯಲ್ಲಿ ದುಡಿದ ಹಿರಿಯರು ಪಕ್ಕದಲ್ಲಿ ನಿಂತು ವಿಕಿರಣವೆಂದರೇನು ಎಂಬುದನ್ನು ಅವರಿಗೆ ವಿವರಿಸಲಿ. ಆ ಹೆಸರುಗಳನ್ನು ಒಮ್ಮೆ ಕನ್ನಡದಲ್ಲಿ ಬರೆದ, ಓದಿದ ಮಗು ಬೆಳೆದ ಮೇಲೆ ಯುದ್ಧದ ಮಾತು ಬಂದಾಗ ಮೋಡದ ಜೊತೆಗೆ ಮೋಡದ ಕೆಳಗಿದ್ದವರನ್ನೂ ನೆನೆದೀತು.